ನರಕೋಶಕ್ಕೆ ವಂಶವಾಹಿಗಳ ಕಾವಲು

ಮನುಷ್ಯನ ಮಿದುಳು ದೇಹದ ಒಟ್ಟು ತೂಕದ ಶೇಕಡ 2ರಷ್ಟಿದೆ. ಆದರೆ ದೇಹ ಬಳಸಿಕೊಳ್ಳುವ ಆಮ್ಲಜನಕದಲ್ಲಿ ಶೇಕಡ 20ರಷ್ಟು ಅದೊಂದಕ್ಕೇ ಬೇಕು. ಕೈಕಾಲುಗಳು ವಿಶ್ರಾಂತಿಯಲ್ಲಿದ್ದರೂ ಮಿದುಳಿನ ಈ ಬೇಡಿಕೆ ನಿಲ್ಲುವುದಿಲ್ಲ. ಜೀವಕ್ಕೆ ಆಧಾರವಾದ ಇದೇ ಆಮ್ಲಜನಕ ನರಕೋಶಗಳ ಪಾಲಿಗೆ ದಿನನಿತ್ಯದ ಅಪಾಯವೂ ಹೌದು. ಹೆಚ್ಚಿಟ್ಟ ಬದನೆಕಾಯಿಯನ್ನು ಗಾಳಿಯಲ್ಲಿ ಕಪ್ಪಾಗಿಸುವ, ಡಬ್ಬಿಯಲ್ಲಿಟ್ಟ ಎಣ್ಣೆಗೆ ಕಮಟು ವಾಸನೆ ತರುವ ಉತ್ಕರ್ಷಣ ಕ್ರಿಯೆಯೇ ಮಿದುಳಿನೊಳಗೂ ಕ್ಷಣಕ್ಷಣಕ್ಕೂ ನಡೆಯುತ್ತಿರುತ್ತದೆ. ಅದನ್ನು ತಡೆಯುವ ಶಕ್ತಿಗಿಂತ ದಾಳಿಯ ಕೈ ಮೇಲಾದ ಸ್ಥಿತಿಯನ್ನು ವಿಜ್ಞಾನಿಗಳು ‘ಉತ್ಕರ್ಷಣ ಒತ್ತಡ’ ಎಂದು ಕರೆಯುತ್ತಾರೆ. ಜರ್ಮನಿಯ ಜೀವರಸಾಯನ ವಿಜ್ಞಾನಿ ಹೆಲ್ಮುಟ್ ಸೀಸ್ 1985ರಲ್ಲಿ ಈ ಪದವನ್ನು ಬಳಕೆಗೆ ತಂದರು.

ಈ ದಾಳಿಯನ್ನು ತಡೆಯಲು ಏನು ಮಾಡಬೇಕು? ಔಷಧದಂಗಡಿಯ ಕಪಾಟಿನಲ್ಲಿ ಇದಕ್ಕೆ ಸಿದ್ಧ ಉತ್ತರವಿದೆ. ‘ಆ್ಯಂಟಿಆಕ್ಸಿಡೆಂಟ್’ ಎಂದು ದೊಡ್ಡ ಅಕ್ಷರಗಳಲ್ಲಿ ಮುದ್ರಿಸಿದ ಮಾತ್ರೆಗಳು ನೆನಪಿನ ಶಕ್ತಿಯಿಂದ ಹಿಡಿದು ವೃದ್ಧಾಪ್ಯದ ನಡುಕದವರೆಗೆ ಎಲ್ಲಕ್ಕೂ ಪರಿಹಾರವೆಂಬಂತೆ ಮಾರಾಟವಾಗುತ್ತವೆ. ಆದರೆ ಪ್ರಯೋಗಾಲಯಗಳು ಮತ್ತು ಆಸ್ಪತ್ರೆಗಳಿಂದ ಬಂದಿರುವ ಸಾಕ್ಷ್ಯ ಬೇರೆಯದನ್ನೇ ಹೇಳುತ್ತದೆ. ನರಕೋಶದ ರಕ್ಷಣೆ ಹೊರಗಿನಿಂದ ತುಂಬಿಡುವ ದಾಸ್ತಾನಲ್ಲ. ಅದು ಹತ್ತಾರು ವಂಶವಾಹಿಗಳು ಒಟ್ಟಾಗಿ ನಡೆಸುವ, ಬೇಕಾದಾಗ ಏರುವ, ಬೇಡವಾದಾಗ ಇಳಿಯುವ ಒಂದು ವ್ಯವಸ್ಥೆ. ಆ ವ್ಯವಸ್ಥೆಯ ಪರಿಚಯ ವಿಜ್ಞಾನಕ್ಕೆ ಆದದ್ದು ಬಹುಮಟ್ಟಿಗೆ ಅದು ಮುರಿದುಬಿದ್ದ ಕುಟುಂಬಗಳಿಂದ.

ನರಕೋಶವೇ ಏಕೆ ಗುರಿ?

ಪ್ರತಿ ಜೀವಕೋಶದಲ್ಲೂ ಮೈಟೊಕಾಂಡ್ರಿಯ ಎಂಬ ಪುಟ್ಟ ಶಕ್ತಿಕೇಂದ್ರಗಳಿವೆ. ಆಹಾರದಿಂದ ಬಂದ ಎಲೆಕ್ಟ್ರಾನ್‌ಗಳನ್ನು ಹಂತಹಂತವಾಗಿ ಸಾಗಿಸಿ ಕೊನೆಗೆ ಆಮ್ಲಜನಕಕ್ಕೆ ಒಪ್ಪಿಸಿ, ನೀರು ಮತ್ತು ಶಕ್ತಿಯನ್ನು ಪಡೆಯುವುದು ಇವುಗಳ ಕೆಲಸ. ಈ ಸಾಗಾಟದಲ್ಲಿ ಅಲ್ಪಸ್ವಲ್ಪ ಸೋರಿಕೆ ತಪ್ಪದು. ದಾರಿತಪ್ಪಿದ ಒಂದು ಎಲೆಕ್ಟ್ರಾನ್ ಆಮ್ಲಜನಕಕ್ಕೆ ಅಂಟಿಕೊಂಡರೆ ‘ಸೂಪರ್ಆಕ್ಸೈಡ್’ ಎಂಬ ಉಗ್ರ ಕಣ ಹುಟ್ಟುತ್ತದೆ. ಅದರಿಂದ ಹೈಡ್ರೋಜನ್ ಪೆರಾಕ್ಸೈಡ್ ಉಂಟಾಗುತ್ತದೆ. ಗಾಯ ತೊಳೆಯುವಾಗ ನೊರೆಯೇಳುವ ದ್ರವ ಇದೇ. ಪೆರಾಕ್ಸೈಡ್ ಬಿಡಿಯಾಗಿರುವ ಕಬ್ಬಿಣದ ಅಯಾನನ್ನು ಸಂಧಿಸಿದರೆ ಹೈಡ್ರಾಕ್ಸಿಲ್ ಎಂಬ ಇನ್ನೂ ಉಗ್ರವಾದ ಕಣ ಹುಟ್ಟಿ, ಸನಿಹದಲ್ಲಿ ಸಿಕ್ಕ ಕೊಬ್ಬು, ಪ್ರೋಟೀನ್, ಡಿಎನ್‌ಎ ಯಾವುದನ್ನೂ ಬಿಡುವುದಿಲ್ಲ. ಮುಪ್ಪಿಗೆ ಇಂತಹ ಕಣಗಳೇ ಕಾರಣವಿರಬಹುದೆಂದು ಅಮೆರಿಕದ ಡೆನಹಮ್ ಹಾರ್ಮನ್ 1956ರಲ್ಲೇ ವಾದಿಸಿದ್ದರು.

ಎಲ್ಲ ಕೋಶಗಳಿಗೂ ಇರುವ ಈ ತೊಂದರೆ ನರಕೋಶಕ್ಕೆ ಮಾತ್ರ ವಿಶೇಷವಾಗಿ ಬಾಧಿಸಲು ಹಲವು ಕಾರಣಗಳಿವೆ. ಚರ್ಮದ ಕೋಶ ಸತ್ತರೆ ಮತ್ತೊಂದು ಹುಟ್ಟುತ್ತದೆ. ನರಕೋಶ ಹಾಗಲ್ಲ. ಬಹುತೇಕ ನರಕೋಶಗಳು ಮನುಷ್ಯ ಹುಟ್ಟಿದಾಗ ಇದ್ದವೇ ಸಾಯುವವರೆಗೂ ದುಡಿಯಬೇಕು. ಬೆನ್ನುಹುರಿಯಿಂದ ಪಾದದ ಸ್ನಾಯುವನ್ನು ತಲುಪುವ ಚಲನಾ ನರಕೋಶದ ಎಳೆ ಸುಮಾರು ಒಂದು ಮೀಟರ್ ಉದ್ದವಿರುತ್ತದೆ. ಅಷ್ಟು ದೂರದ ಸಾಗಣೆಗೂ, ವಿದ್ಯುತ್ ಸಂಕೇತಗಳಿಗೂ ಅಪಾರ ಶಕ್ತಿ ಬೇಕು. ಮಿದುಳಿನ ಪೊರೆಗಳಲ್ಲಿ ಬೇಗನೆ ಉತ್ಕರ್ಷಣಗೊಳ್ಳುವ ಕೊಬ್ಬಿನಾಮ್ಲಗಳು ಹೇರಳ. ಕೆಲವು ಭಾಗಗಳಲ್ಲಿ ಕಬ್ಬಿಣದ ಅಂಶವೂ ಹೆಚ್ಚು. ಡೋಪಮೈನ್ ತಯಾರಿಸುವ ನರಕೋಶಗಳ ಕಷ್ಟವಂತೂ ಇಮ್ಮಡಿ. ಡೋಪಮೈನ್ ಒಡೆಯುವಾಗಲೂ ಪೆರಾಕ್ಸೈಡ್ ಉತ್ಪತ್ತಿಯಾಗುತ್ತದೆ.

ಕಾವಲುಗಾರನ ಪತ್ತೆ

ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಜೋ ಮ್ಯಾಕ್‌ಕಾರ್ಡ್ ಎಂಬ ಸಂಶೋಧನಾ ವಿದ್ಯಾರ್ಥಿ ಮತ್ತು ಅವರ ಮಾರ್ಗದರ್ಶಕ ಇರ್ವಿನ್ ಫ್ರಿಡೊವಿಚ್ 1969ರಲ್ಲಿ ಒಂದು ಕಿಣ್ವವನ್ನು ಗುರುತಿಸಿದರು. ಸೂಪರ್ಆಕ್ಸೈಡ್ ಕಣಗಳನ್ನು ಮಿಂಚಿನ ವೇಗದಲ್ಲಿ ನಿವಾರಿಸುವ ಅದಕ್ಕೆ ‘ಸೂಪರ್ಆಕ್ಸೈಡ್ ಡಿಸ್‌ಮ್ಯುಟೇಸ್’ ಎಂದು ಹೆಸರಾಯಿತು. ಸಂಕ್ಷಿಪ್ತವಾಗಿ ಎಸ್‌ಒಡಿ. ತಮಾಷೆಯೆಂದರೆ, ಈ ತಾಮ್ರಯುಕ್ತ ಪ್ರೋಟೀನನ್ನು ದನದ ರಕ್ತದಿಂದ ಬೇರ್ಪಡಿಸಿ ಆಗಲೇ ಮೂರು ದಶಕಗಳು ಕಳೆದಿದ್ದವು. ಅದು ಮಾಡುವ ಕೆಲಸವೇನೆಂಬುದು ಮಾತ್ರ ಯಾರಿಗೂ ತಿಳಿದಿರಲಿಲ್ಲ.

ಮನುಷ್ಯನಲ್ಲಿ ಈ ಕಿಣ್ವದ ಮೂರು ರೂಪಗಳಿವೆ. ಮೂರಕ್ಕೂ ಪ್ರತ್ಯೇಕ ವಂಶವಾಹಿ. 21ನೇ ವರ್ಣತಂತುವಿನಲ್ಲಿರುವ ಎಸ್‌ಒಡಿ1 ಕೋಶದ್ರವದಲ್ಲಿ ಕೆಲಸ ಮಾಡುವ ಕಿಣ್ವದ ನಕ್ಷೆ. 6ನೇ ವರ್ಣತಂತುವಿನ ಎಸ್‌ಒಡಿ2 ಮೈಟೊಕಾಂಡ್ರಿಯದೊಳಗಿನ ಕಾವಲಿಗೆ, ಎಸ್‌ಒಡಿ3 ಕೋಶದ ಹೊರಗಿನ ಕಾವಲಿಗೆ. ಇವುಗಳಲ್ಲಿ ಎಸ್‌ಒಡಿ2 ಇಲ್ಲದೆ ಬದುಕೇ ಇಲ್ಲ. ಆ ವಂಶವಾಹಿಯನ್ನು ತೆಗೆದುಹಾಕಿದ ಇಲಿಮರಿಗಳು ಹುಟ್ಟಿದ ಕೆಲವೇ ದಿನಗಳಲ್ಲಿ ಸಾಯುತ್ತವೆಂದು 1995ರಲ್ಲಿ ತಿಳಿದುಬಂತು. ಎಸ್‌ಒಡಿ ಹುಟ್ಟಿಸುವ ಪೆರಾಕ್ಸೈಡನ್ನು ನೀರಾಗಿಸಲು ಕ್ಯಾಟಲೇಸ್, ಗ್ಲುಟಥಯೋನ್ ಪೆರಾಕ್ಸಿಡೇಸ್ ಮುಂತಾದ ಬೇರೆ ಕಿಣ್ವಗಳಿವೆ. ಒಬ್ಬರ ಕೆಲಸ ಮುಗಿದಲ್ಲಿ ಇನ್ನೊಬ್ಬರದು ಆರಂಭ. ನಡುವೆ ಒಂದು ಕೊಂಡಿ ಕಳಚಿದರೂ ಅಪಾಯ.

ಬೇಲಿಯೇ ಎದ್ದು ಹೊಲ ಮೇಯ್ದಾಗ

ಭೌತವಿಜ್ಞಾನಿ ಸ್ಟೀಫನ್ ಹಾಕಿಂಗ್ ಅವರನ್ನು ದಶಕಗಳ ಕಾಲ ಗಾಲಿಕುರ್ಚಿಗೆ ಕಟ್ಟಿಹಾಕಿದ ಎಎಲ್‌ಎಸ್ ಕಾಯಿಲೆಯ ಹೆಸರು ಅನೇಕರಿಗೆ ಪರಿಚಿತ. ಚಲನಾ ನರಕೋಶಗಳು ಒಂದೊಂದಾಗಿ ನಶಿಸಿ, ಕೈಕಾಲು, ನಾಲಗೆ, ಕೊನೆಗೆ ಉಸಿರಾಟದ ಸ್ನಾಯುಗಳೂ ಸೋಲುತ್ತವೆ. ಹಾಕಿಂಗ್ ಅವರಂತೆ ದೀರ್ಘಕಾಲ ಬದುಕಿದವರು ಅಪರೂಪ. ರೋಗಿಗಳಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಇದು ವಂಶಪಾರಂಪರ್ಯವಾಗಿ ಬರುತ್ತದೆ. 1993ರಲ್ಲಿ ಅಂತಾರಾಷ್ಟ್ರೀಯ ಸಂಶೋಧಕರ ತಂಡವೊಂದು ಇಂತಹ 13 ಕುಟುಂಬಗಳಲ್ಲಿ ಎಸ್‌ಒಡಿ1 ವಂಶವಾಹಿಯ 11 ಬಗೆಯ ಬದಲಾವಣೆಗಳನ್ನು ಪತ್ತೆಹಚ್ಚಿತು. ಎಎಲ್‌ಎಸ್‌ಗೆ ಕಾರಣವೆಂದು ಗುರುತಿಸಲಾದ ಮೊದಲ ವಂಶವಾಹಿ ಅದು.

ಆಗಿನ ಊಹೆ ಸರಳವಾಗಿತ್ತು. ಕಾವಲಿನ ಕಿಣ್ವ ಕೆಟ್ಟಿದೆ, ಆದ್ದರಿಂದ ಉತ್ಕರ್ಷಣ ಒತ್ತಡ ಏರಿ ನರಕೋಶ ಸತ್ತಿದೆ. ಹಾಗಿದ್ದಲ್ಲಿ ಕಿಣ್ವವನ್ನೋ ವಿಟಮಿನ್ನನ್ನೋ ಹೆಚ್ಚಿಸಿದರೆ ರೋಗ ನಿಲ್ಲಬೇಕು. ಮರುವರ್ಷವೇ ಈ ಊಹೆಗೆ ಪೆಟ್ಟು ಬಿತ್ತು. ರೋಗಿಗಳಲ್ಲಿ ಕಂಡ ಮಾನವ ಎಸ್‌ಒಡಿ1ರ ಬದಲಾದ ರೂಪವನ್ನು ಇಲಿಗಳಿಗೆ ಸೇರಿಸಲಾಯಿತು. ಆ ಇಲಿಗಳ ಸ್ವಂತ ಎಸ್‌ಒಡಿ1 ಹಾಗೆಯೇ ಇತ್ತು. ಕಾವಲಿಗೆ ಕೊರತೆಯೇ ಇಲ್ಲದಿದ್ದರೂ ಇಲಿಗಳಿಗೆ ಪಾರ್ಶ್ವವಾಯುವಿನಂತಹ ಸ್ಥಿತಿ ಬಂತು. 1996ರಲ್ಲಿ ಇದಕ್ಕೆ ತದ್ವಿರುದ್ಧ ಪ್ರಯೋಗ ನಡೆಯಿತು. ಎಸ್‌ಒಡಿ1 ಪೂರ್ತಿ ಇಲ್ಲದ ಇಲಿಗಳಿಗೆ ಎಎಲ್‌ಎಸ್ ಬರಲೇ ಇಲ್ಲ. ಅಂದರೆ ದೋಷವಿದ್ದದ್ದು ಕಾವಲು ಇಲ್ಲವಾದದ್ದರಲ್ಲಿ ಅಲ್ಲ. ತಪ್ಪಾಗಿ ಮಡಚಿಕೊಂಡ ಕಿಣ್ವ ತಾನೇ ಗಂಟುಗಟ್ಟಿ ನರಕೋಶಕ್ಕೆ ವಿಷವಾಗಿತ್ತು.

ಹಾಗೆಂದು ಎಸ್‌ಒಡಿ1 ಇಲ್ಲದಿದ್ದರೂ ನಡೆದೀತು ಎನ್ನುವಂತಿಲ್ಲ. ಎರಡೂ ಪ್ರತಿಗಳು ಕೆಟ್ಟು ಈ ಕಿಣ್ವದ ಚಟುವಟಿಕೆಯೇ ಇಲ್ಲದೆ ಹುಟ್ಟಿದ ಮಕ್ಕಳ ವಿವರ 2019ರಲ್ಲಿ ವೈದ್ಯಕೀಯ ಪತ್ರಿಕೆಗಳಲ್ಲಿ ಪ್ರಕಟವಾಯಿತು. ಎಳವೆಯಲ್ಲೇ ಅವರ ಕೈಕಾಲುಗಳು ಬಿಗಿದುಕೊಂಡು, ಕಲಿತ ಚಲನೆಯೂ ಕೈಬಿಡುತ್ತ ಹೋಗಿತ್ತು. ಕಾವಲುಗಾರ ಇಲ್ಲದಿದ್ದರೂ ಕೇಡು, ಕೆಟ್ಟರೂ ಕೇಡು. ಆದರೆ ಎರಡು ಕೇಡುಗಳಿಗೆ ಚಿಕಿತ್ಸೆ ಒಂದೇ ಅಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು.

ಈ ತಿಳಿವಳಿಕೆಯ ಫಲವೇ ‘ಟೋಫರ್ಸೆನ್’ ಎಂಬ ಔಷಧ. ಇದು ಉತ್ಕರ್ಷಣ ನಿರೋಧಕವಲ್ಲ. ಎಸ್‌ಒಡಿ1 ವಂಶವಾಹಿಯ ಆದೇಶವನ್ನು ಹೊತ್ತೊಯ್ಯುವ ಸಂದೇಶವಾಹಕ ಆರ್‌ಎನ್‌ಎಗೆ ಅಂಟಿಕೊಂಡು ಅದನ್ನು ನಾಶಮಾಡಿಸುತ್ತದೆ. ವಿಷವಾದ ಪ್ರೋಟೀನ್ ತಯಾರಾಗುವುದೇ ಕಡಿಮೆಯಾಗುತ್ತದೆ. ಬೆನ್ನುಹುರಿಯ ಸುತ್ತಲಿನ ದ್ರವಕ್ಕೆ ಸೂಜಿಯ ಮೂಲಕ, ಮೊದಲು 14 ದಿನಗಳ ಅಂತರದಲ್ಲಿ ಮೂರು ಬಾರಿ, ಅನಂತರ 28 ದಿನಗಳಿಗೊಮ್ಮೆ ಕೊಡಲಾಗುತ್ತದೆ. 108 ರೋಗಿಗಳ ಪ್ರಯೋಗದಲ್ಲಿ 28 ವಾರಗಳ ಅವಧಿಗೆ ನಿಗದಿಪಡಿಸಿದ್ದ ಮುಖ್ಯ ಗುರಿಯನ್ನು ಅದು ಮುಟ್ಟಲಿಲ್ಲ. ಆದರೂ ನರಕೋಶ ಹಾನಿಯ ಸೂಚಕವಾದ ‘ನ್ಯೂರೋಫಿಲಮೆಂಟ್’ ಮಟ್ಟ ರಕ್ತದಲ್ಲಿ ಗಣನೀಯವಾಗಿ ಇಳಿದಿತ್ತು. ಇದನ್ನೇ ಆಧಾರವಾಗಿಸಿಕೊಂಡು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2023ರ ಏಪ್ರಿಲ್‌ನಲ್ಲಿ ಷರತ್ತುಬದ್ಧ ಅನುಮತಿ ನೀಡಿತು. ಎಲ್ಲ ಎಎಲ್‌ಎಸ್ ರೋಗಿಗಳಲ್ಲಿ ಎಸ್‌ಒಡಿ1 ದೋಷವಿರುವವರು ಶೇಕಡ 2ರಷ್ಟು. ಉಳಿದವರಿಗೆ ಈ ಔಷಧದಿಂದ ಪ್ರಯೋಜನವಿಲ್ಲ.

ಒಂದು ಗುಂಡಿ, ನೂರಾರು ವಂಶವಾಹಿಗಳು

ಬಿಡಿ ಕಿಣ್ವಗಳ ಕಥೆ ಹೀಗಾದರೆ, ಅವುಗಳನ್ನೆಲ್ಲ ಒಟ್ಟಿಗೆ ಎಬ್ಬಿಸುವ ಅಧಿಕಾರಿಯೊಬ್ಬ ಕೋಶದಲ್ಲಿದ್ದಾನೆ. ಎನ್‌ಆರ್‌ಎಫ್2 ಎಂಬ ಪ್ರೋಟೀನ್ ಅದು. 1994ರಲ್ಲಿ ಪತ್ತೆಯಾದ ಇದರ ಪಾತ್ರವನ್ನು ಬಿಡಿಸಿ ತೋರಿಸಿದವರಲ್ಲಿ ಜಪಾನಿನ ಮಸಾಯುಕಿ ಯಮಾಮೊಟೊ ಅವರ ತಂಡ ಪ್ರಮುಖವಾದುದು. ಎನ್‌ಆರ್‌ಎಫ್2 ವಿಷನಿವಾರಕ ಕಿಣ್ವಗಳ ವಂಶವಾಹಿಗಳನ್ನು ಚಾಲನೆಗೊಳಿಸುತ್ತದೆಂದು ಅವರು 1997ರಲ್ಲಿ ತೋರಿಸಿದರು. ಅದನ್ನು ಅಂಕೆಯಲ್ಲಿಡುವ ‘ಕೀಪ್1’ ಎಂಬ ಇನ್ನೊಂದು ಪ್ರೋಟೀನನ್ನು 1999ರಲ್ಲಿ ಗುರುತಿಸಿದರು.

ಇವೆರಡರ ಸಂಬಂಧ ವಿಚಿತ್ರವಾದುದು. ಕೋಶ ಎನ್‌ಆರ್‌ಎಫ್2 ಅನ್ನು ನಿರಂತರವಾಗಿ ತಯಾರಿಸುತ್ತಲೇ ಇರುತ್ತದೆ. ಕೀಪ್1 ಅದನ್ನು ಹಿಡಿದು ನಾಶಕ್ಕೆ ಗುರುತುಹಾಕುತ್ತಲೇ ಇರುತ್ತದೆ. ಶಾಂತ ಸ್ಥಿತಿಯಲ್ಲಿ ಎನ್‌ಆರ್‌ಎಫ್2ರ ಆಯಸ್ಸು ಸುಮಾರು 20 ನಿಮಿಷ. ಮೇಲ್ನೋಟಕ್ಕೆ ಇದು ದುಂದುವೆಚ್ಚ. ಆದರೆ ಬೆಂಕಿ ಬೀಳದಿದ್ದರೂ ಅಗ್ನಿಶಾಮಕ ಠಾಣೆಯಲ್ಲಿ ನೀರು ತುಂಬಿದ ವಾಹನ ಸದಾ ನಿಂತಿರಬೇಕಲ್ಲವೇ? ಕೀಪ್1ರಲ್ಲಿ ಗಂಧಕವುಳ್ಳ ಸಿಸ್ಟೀನ್ ಎಂಬ ಅಮೈನೋ ಆಮ್ಲಗಳಿವೆ. ಉತ್ಕರ್ಷಣಕಾರಿ ವಸ್ತುಗಳು ಬಂದೊಡನೆ ಮೊದಲು ತಾಗುವುದು ಈ ಗಂಧಕಕ್ಕೆ. ಆಗ ಕೀಪ್1ರ ಹಿಡಿತ ತಪ್ಪುತ್ತದೆ. ಹೊಸದಾಗಿ ಹುಟ್ಟಿದ ಎನ್‌ಆರ್‌ಎಫ್2 ನಾಶವಾಗದೆ ಕೋಶಕೇಂದ್ರಕ್ಕೆ ನುಗ್ಗಿ, ಡಿಎನ್‌ಎಯಲ್ಲಿ ನಿರ್ದಿಷ್ಟ ಅಕ್ಷರಜೋಡಣೆಯಿರುವ ಜಾಗಗಳಿಗೆ ಅಂಟಿಕೊಳ್ಳುತ್ತದೆ. ಅಂತಹ ಜಾಗವುಳ್ಳ ವಂಶವಾಹಿಗಳು 200ಕ್ಕೂ ಹೆಚ್ಚು. ಗ್ಲುಟಥಯೋನ್ ತಯಾರಿಸುವವು, ಅದನ್ನು ಪುನಃ ಬಳಕೆಗೆ ಸಿದ್ಧಗೊಳಿಸುವವು, ಕಬ್ಬಿಣವನ್ನು ಭದ್ರವಾಗಿಡುವವು, ವಿಷವಸ್ತುಗಳನ್ನು ಹೊರದೂಡುವವು ಎಲ್ಲವೂ ಒಮ್ಮೆಗೇ ಎಚ್ಚರಗೊಳ್ಳುತ್ತವೆ.

ಕೋಸು ಜಾತಿಯ ತರಕಾರಿಗಳ ಬಗ್ಗೆ ಪತ್ರಿಕೆಗಳಲ್ಲಿ ಆಗಾಗ ಬರುವ ಹೊಗಳಿಕೆಗೂ ಇಲ್ಲೇ ಮೂಲವಿದೆ. ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಪಾಲ್ ತಲಲೆ ಅವರ ತಂಡ 1992ರಲ್ಲಿ ಬ್ರಾಕೊಲಿಯಿಂದ ‘ಸಲ್ಫೊರಫೇನ್’ ಎಂಬ ವಸ್ತುವನ್ನು ಬೇರ್ಪಡಿಸಿತು. ಅದು ತಾನೇ ಉತ್ಕರ್ಷಣ ನಿರೋಧಕವಲ್ಲ. ಕೀಪ್1ರ ಗಂಧಕವನ್ನು ಕೆಣಕಿ ಎನ್‌ಆರ್‌ಎಫ್2 ಅನ್ನು ಬಿಡಿಸುತ್ತದೆ. ಅಂದರೆ ಕೋಶಕ್ಕೆ ಚಿಕ್ಕದೊಂದು ಚುರುಕು ಮುಟ್ಟಿಸಿ ಅದರದೇ ಕಾವಲನ್ನು ಎಬ್ಬಿಸುತ್ತದೆ. ಕೋಸು ತಿಂದರೆ ನರರೋಗ ಬರುವುದಿಲ್ಲ ಎನ್ನಲು ಮಾತ್ರ ಮನುಷ್ಯರಲ್ಲಿ ಗಟ್ಟಿ ಪುರಾವೆ ಸಿಕ್ಕಿಲ್ಲ.

ನೆರೆಮನೆಯ ಆಸರೆ

ಇಷ್ಟೆಲ್ಲ ವ್ಯವಸ್ಥೆಯಿದ್ದೂ ನರಕೋಶ ತನ್ನ ರಕ್ಷಣೆಯಲ್ಲಿ ಬಡವ. ಪ್ರೌಢ ನರಕೋಶಗಳಲ್ಲಿ ಎನ್‌ಆರ್‌ಎಫ್2 ವಂಶವಾಹಿಯೇ ಬಹುಮಟ್ಟಿಗೆ ಅದುಮಿಡಲ್ಪಟ್ಟಿರುತ್ತದೆ ಎಂದು ಬ್ರಿಟನ್ನಿನ ಎಡಿನ್‌ಬರೊ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ವರದಿ ಮಾಡಿದರು. ಎಳೆಗಳು ಬೆಳೆಯಲು, ಕವಲೊಡೆಯಲು ಒಂದಿಷ್ಟು ಉತ್ಕರ್ಷಣ ಸಂಕೇತಗಳು ಬೇಕಾಗುತ್ತವೆ. ಕಾವಲು ಅತಿಯಾದರೆ ಬೆಳವಣಿಗೆಯೇ ಕುಂಠಿತವಾದೀತು ಎಂಬುದು ಅವರ ವಿವರಣೆ.

ಹಾಗಾದರೆ ಕಾಯುವವರು ಯಾರು? ನರಕೋಶಗಳ ಸುತ್ತ ನಕ್ಷತ್ರಾಕಾರದ ಪೋಷಕ ಕೋಶಗಳಿವೆ. ಆಸ್ಟ್ರೊಸೈಟ್ ಎಂಬುದು ಅವುಗಳ ಹೆಸರು. ಎನ್‌ಆರ್‌ಎಫ್2 ಪ್ರಬಲವಾಗಿ ಕೆಲಸ ಮಾಡುವುದು ಇವುಗಳಲ್ಲಿ. ಇವು ಗ್ಲುಟಥಯೋನನ್ನು ತಯಾರಿಸಿ ಹೊರಬಿಡುತ್ತವೆ. ಅದು ಒಡೆದು ಸಿಗುವ ಸಿಸ್ಟೀನನ್ನು ನರಕೋಶ ಹೀರಿಕೊಂಡು ತನ್ನ ಗ್ಲುಟಥಯೋನನ್ನು ಕಟ್ಟಿಕೊಳ್ಳುತ್ತದೆ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ 2008ರಲ್ಲಿ ನಡೆದ ಪ್ರಯೋಗವೊಂದರಲ್ಲಿ, ಮೇಲೆ ಹೇಳಿದ ಎಸ್‌ಒಡಿ1 ಇಲಿಗಳ ಆಸ್ಟ್ರೊಸೈಟ್‌ಗಳಲ್ಲಿ ಮಾತ್ರ ಎನ್‌ಆರ್‌ಎಫ್2 ಹೆಚ್ಚಿಸಲಾಯಿತು. ನರಕೋಶವನ್ನು ಮುಟ್ಟದೆಯೇ ರೋಗ ತಡವಾಗಿ ಕಾಣಿಸಿಕೊಂಡಿತು, ಇಲಿಗಳು ಹೆಚ್ಚು ದಿನ ಬದುಕಿದವು.

ವಯಸ್ಸಾದಂತೆ ನರಕೋಶವೂ ಕೈಕಟ್ಟಿ ಕೂರುವುದಿಲ್ಲ. ‘ರೆಸ್ಟ್’ ಎಂಬ ನಿಯಂತ್ರಕ ಪ್ರೋಟೀನ್ ಮುಪ್ಪಿನಲ್ಲಿ ಮಿದುಳಿನ ನರಕೋಶಗಳೊಳಗೆ ಹೆಚ್ಚುತ್ತದೆ. ಸಾವಿನತ್ತ ಒಯ್ಯುವ ವಂಶವಾಹಿಗಳನ್ನು ಅದು ಅದುಮಿಟ್ಟು, ಉತ್ಕರ್ಷಣ ಒತ್ತಡ ತಾಳುವ ಶಕ್ತಿಯನ್ನು ನೀಡುತ್ತದೆ. ಅಲ್ಝೈಮರ್ ರೋಗಿಗಳ ಮಿದುಳಿನಲ್ಲಿ ಈ ಪ್ರೋಟೀನ್ ಕೋಶಕೇಂದ್ರದಿಂದ ಕಣ್ಮರೆಯಾಗಿರುವುದನ್ನು ಹಾರ್ವರ್ಡ್‌ನ ಬ್ರೂಸ್ ಯಾಂಕ್ನರ್ ತಂಡ 2014ರಲ್ಲಿ ಕಂಡಿತು.

ನಡುಗುವ ಕೈಗಳ ಹಿಂದಿನ ಮೂವರು

1817ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ವಿವರಿಸಿದ ನಡುಕದ ಕಾಯಿಲೆ ಸಾಮಾನ್ಯವಾಗಿ ಇಳಿವಯಸ್ಸಿನದು. ಮಿದುಳಿನ ಬುಡದಲ್ಲಿರುವ ‘ಸಬ್‌ಸ್ಟಾನ್ಷಿಯ ನೈಗ್ರ’ ಎಂಬ ಕರಿಬಣ್ಣದ ಪುಟ್ಟ ಭಾಗದ ಡೋಪಮೈನ್ ಕೋಶಗಳು ಅದರಲ್ಲಿ ನಶಿಸುತ್ತವೆ. ಆದರೆ ಕೆಲವು ಕುಟುಂಬಗಳಲ್ಲಿ ಇಪ್ಪತ್ತು, ಮೂವತ್ತರ ಹರೆಯದಲ್ಲೇ ಕಾಯಿಲೆ ಕಾಣಿಸಿಕೊಳ್ಳುತ್ತದೆ. ಅಂತಹ ಜಪಾನಿ ಕುಟುಂಬಗಳಿಂದ 1998ರಲ್ಲಿ ‘ಪಾರ್ಕಿನ್’ ವಂಶವಾಹಿ ಪತ್ತೆಯಾಯಿತು. ಒಂದು ಡಚ್ ಮತ್ತು ಒಂದು ಇಟಾಲಿಯನ್ ಕುಟುಂಬದಿಂದ 2003ರಲ್ಲಿ ‘ಡಿಜೆ-1’, ಸ್ಪೇನ್ ಮತ್ತು ಇಟಲಿಯ ಕುಟುಂಬಗಳಿಂದ 2004ರಲ್ಲಿ ‘ಪಿಂಕ್1’.

ಮೂರೂ ಕಾವಲಿಗೆ ಸಂಬಂಧಿಸಿದವೇ. ಡಿಜೆ-1 ಪ್ರೋಟೀನಿನ 106ನೇ ಸ್ಥಾನದ ಸಿಸ್ಟೀನ್ ಉತ್ಕರ್ಷಣ ಒತ್ತಡದ ಅಳತೆಗೋಲಿನಂತಿದೆ. ಒತ್ತಡ ಏರಿದಾಗ ಅದು ಬದಲಾಗಿ ಪ್ರೋಟೀನನ್ನು ಕಾರ್ಯಪ್ರವೃತ್ತಗೊಳಿಸುತ್ತದೆ. ಪಿಂಕ್1 ಮತ್ತು ಪಾರ್ಕಿನ್ ಜೋಡಿಯದು ಇನ್ನೂ ಕುತೂಹಲಕರ ಕೆಲಸ. ಕೆಟ್ಟ ಮೈಟೊಕಾಂಡ್ರಿಯದ ಮೇಲೆ ಪಿಂಕ್1 ಶೇಖರವಾಗಿ ಗುರುತು ತೋರಿಸುತ್ತದೆ. ಪಾರ್ಕಿನ್ ಅಲ್ಲಿಗೆ ಬಂದು ಅದನ್ನು ವಿಲೇವಾರಿಗೆ ಕಳುಹಿಸುತ್ತದೆ. ಬೆಂಕಿಯನ್ನು ಆರಿಸುವುದರ ಜೊತೆಗೆ ಸೋರುವ ಒಲೆಯನ್ನೇ ಮನೆಯಿಂದ ಹೊರಹಾಕುವ ಕ್ರಮವಿದು. ಹಣ್ಣಿನ ನೊಣಗಳಲ್ಲಿ ಪಿಂಕ್1 ಕೆಟ್ಟಾಗ ಆಗುವ ಹಾನಿಯನ್ನು ಪಾರ್ಕಿನ್ ಹೆಚ್ಚಿಸುವ ಮೂಲಕ ಸರಿಪಡಿಸಬಹುದೆಂದು 2006ರ ಪ್ರಯೋಗಗಳು ತೋರಿಸಿದಾಗ, ಇವೆರಡೂ ಒಂದೇ ಸಾಲಿನ ನೌಕರರೆಂಬುದು ಖಚಿತವಾಯಿತು.

ಈ ಮೂರೂ ವಂಶವಾಹಿಗಳಲ್ಲಿ ಸಾಮಾನ್ಯವಾಗಿ ತಂದೆ ಮತ್ತು ತಾಯಿ ಇಬ್ಬರಿಂದಲೂ ಕೆಟ್ಟ ಪ್ರತಿ ಬಂದರೆ ಮಾತ್ರ ರೋಗ. ಸೋದರಮಾವ, ಅತ್ತೆಯ ಮಗ ಎಂದು ಹತ್ತಿರದ ಸಂಬಂಧದಲ್ಲೇ ಮದುವೆಯಾಗುವ ರೂಢಿಯಿರುವ ಕರ್ನಾಟಕದಂತಹ ಕಡೆ ಇಂತಹ ಕಾಯಿಲೆಗಳ ಸಂಭವ ಹೆಚ್ಚು. ಎಳೆಯ ವಯಸ್ಸಿನಲ್ಲಿ ನಡುಕ, ಜೋಲಿ ಕಂಡರೆ ನರರೋಗ ತಜ್ಞರು ಮೊದಲು ವಂಶವೃಕ್ಷವನ್ನು ವಿಚಾರಿಸುವುದು ಇದಕ್ಕಾಗಿಯೇ.

ಬೆಂಗಳೂರಿನ ಕೊಡುಗೆ

ಈ ಕ್ಷೇತ್ರದಲ್ಲಿ ಬೆಂಗಳೂರಿನ ಪ್ರಯೋಗಾಲಯಗಳ ಕೆಲಸ ಗಮನಾರ್ಹ. ಇದರ ಆರಂಭ ಒಂದು ಬೇಳೆಯಿಂದ ಎಂದರೆ ಅಚ್ಚರಿಯಾದೀತು. ಮಧ್ಯ ಮತ್ತು ಉತ್ತರ ಭಾರತದಲ್ಲಿ ಬರಗಾಲದ ದಿನಗಳಲ್ಲಿ ಬಡವರ ಹೊಟ್ಟೆ ತುಂಬಿಸುತ್ತಿದ್ದ, ತೊಗರಿಬೇಳೆಗೆ ಕಲಬೆರಕೆಯಾಗುತ್ತಿದ್ದ ಕೇಸರಿ ಬೇಳೆಯನ್ನು ತಿಂಗಳುಗಟ್ಟಲೆ ಮುಖ್ಯ ಆಹಾರವಾಗಿ ತಿಂದವರ ಕಾಲುಗಳು ಬಿಗಿದು ನಡೆಯಲಾಗದಂತಾಗುತ್ತವೆ. ‘ಲ್ಯಾಥಿರಿಸಂ’ ಎಂಬ ಈ ಕಾಯಿಲೆಗೆ ಹೆಂಗಸರಿಗಿಂತ ಗಂಡಸರೇ ಹೆಚ್ಚಾಗಿ ತುತ್ತಾಗುತ್ತಾರೆ. ಏಕೆ?

ನಿಮ್ಹಾನ್ಸ್‌ನಲ್ಲಿದ್ದ ವಿಜಯಲಕ್ಷ್ಮಿ ರವೀಂದ್ರನಾಥ್ ಮತ್ತು ಸಂಗಡಿಗರು ಇದರ ಬೆನ್ನುಹತ್ತಿದರು. ಬೇಳೆಯಲ್ಲಿನ ವಿಷ ಮೈಟೊಕಾಂಡ್ರಿಯದ ಮೊದಲ ಕೊಂಡಿಯಲ್ಲಿರುವ ಗಂಧಕದ ಗುಂಪುಗಳನ್ನು ಉತ್ಕರ್ಷಣಗೊಳಿಸಿ ಅದರ ಕೆಲಸ ನಿಲ್ಲಿಸುತ್ತದೆಂದು 1998ರಲ್ಲಿ ಇಲಿಗಳಲ್ಲಿ ತೋರಿಸಿದರು. ಹೀಗೆ ಕೆಟ್ಟ ಗಂಧಕವನ್ನು ಗ್ಲುಟಥಯೋನ್ ನೆರವಿನಿಂದ ಪುನಃ ಸರಿಪಡಿಸುವ ‘ಗ್ಲುಟರೆಡಾಕ್ಸಿನ್’ ಎಂಬ ಕಿಣ್ವವಿದೆ. ಚಲನಾ ನರಕೋಶಗಳ ಚೇತರಿಕೆ ಈ ಕಿಣ್ವವನ್ನು ಅವಲಂಬಿಸಿದೆಯೆಂಬುದು 2002ರಲ್ಲಿ ತಿಳಿಯಿತು. ಹೆಣ್ಣಿಲಿಗಳ ಮಿದುಳಿನಲ್ಲಿ ಅದು ಹೆಚ್ಚು. ಈಸ್ಟ್ರೊಜೆನ್ ಹಾರ್ಮೋನಿನ ಕೆಲಸವನ್ನು ತಡೆದರೆ ಗ್ಲುಟರೆಡಾಕ್ಸಿನ್ ಇಳಿದು, ಹೆಣ್ಣಿಲಿಗಳೂ ಗಂಡಿಲಿಗಳಷ್ಟೇ ದುರ್ಬಲವಾಗುತ್ತವೆ ಎಂದು 2006ರಲ್ಲಿ ಪ್ರಕಟಿಸಲಾಯಿತು. ಕಾವಲಿನ ಒಂದು ವಂಶವಾಹಿ ಎಷ್ಟು ಕೆಲಸ ಮಾಡುತ್ತಿದೆ ಎಂಬುದನ್ನು ಹಾರ್ಮೋನು ನಿರ್ಧರಿಸುತ್ತಿತ್ತು. ಗ್ಲುಟರೆಡಾಕ್ಸಿನ್ ಕೊರತೆಯಾದರೆ ಡಿಜೆ-1 ಕೂಡ ನಾಶವಾಗುತ್ತದೆಂಬ ಅವರ 2010ರ ವರದಿ ಈ ಕಥೆಯನ್ನು ಪಾರ್ಕಿನ್ಸನ್ ಕಾಯಿಲೆಗೆ ಜೋಡಿಸಿತು.

ನಿಮ್ಹಾನ್ಸ್‌ನಲ್ಲಿ ದಾನವಾಗಿ ಬಂದ ಮಿದುಳುಗಳನ್ನು ಕಾಪಿಡುವ ‘ಮಿದುಳು ಬ್ಯಾಂಕ್’ ಇದೆ. ಅಲ್ಲಿನ ಅಂಗಾಂಶಗಳನ್ನು ಪರೀಕ್ಷಿಸಿದ ಸಂಸ್ಥೆಯ ವಿಜ್ಞಾನಿಗಳು, ವಯಸ್ಸಾದಂತೆ ಸಬ್‌ಸ್ಟಾನ್ಷಿಯ ನೈಗ್ರದಲ್ಲಿ ಉತ್ಕರ್ಷಣ ಹಾನಿ ಹೆಚ್ಚಿ ರಕ್ಷಣಾ ಸಾಮರ್ಥ್ಯ ಕುಗ್ಗುತ್ತದೆಂದು 2012ರಲ್ಲಿ ವರದಿ ಮಾಡಿದರು. ಪಾರ್ಕಿನ್ಸನ್ ಇಲ್ಲದವರ ಮಿದುಳಿನಲ್ಲೂ ಆ ಪುಟ್ಟ ಭಾಗ ಮೊದಲೇ ಸೊರಗುತ್ತಿತ್ತು.

ಮಾತ್ರೆಗಳ ಸೋಲು

ಇಷ್ಟೆಲ್ಲ ತಿಳಿದ ಮೇಲೂ ವಿಟಮಿನ್ ಮಾತ್ರೆ ನುಂಗಿದರೆ ನಷ್ಟವೇನು ಎಂಬ ಪ್ರಶ್ನೆ ಸಹಜ. ಅಮೆರಿಕ ಮತ್ತು ಕೆನಡದ 800 ಪಾರ್ಕಿನ್ಸನ್ ರೋಗಿಗಳ ಮೇಲೆ ನಡೆದ ಪ್ರಯೋಗದಲ್ಲಿ ದಿನಕ್ಕೆ 2000 ಯೂನಿಟ್ ‘ಇ’ ವಿಟಮಿನ್ ಕೊಟ್ಟರೂ ಕಾಯಿಲೆಯ ವೇಗ ತಗ್ಗಲಿಲ್ಲವೆಂದು 1993ರಲ್ಲಿ ಪ್ರಕಟವಾಯಿತು. 600 ರೋಗಿಗಳಿಗೆ ಭಾರಿ ಪ್ರಮಾಣದಲ್ಲಿ ‘ಕೋಎಂಜೈಮ್ ಕ್ಯೂ10’ ಕೊಟ್ಟ ಪ್ರಯೋಗ ಫಲ ಕಾಣದೆ ಅರ್ಧಕ್ಕೇ ನಿಂತಿತು. ಅದರ ವಿವರ 2014ರಲ್ಲಿ ಹೊರಬಂತು. ರಕ್ತದಲ್ಲಿ ಯೂರಿಕ್ ಆಮ್ಲವನ್ನು ಏರಿಸುವ ‘ಇನೊಸಿನ್’ ಕೂಡ 2021ರಲ್ಲಿ ವಿಫಲವಾಯಿತು. ಎಎಲ್‌ಎಸ್‌ಗೆ ಜಪಾನ್ 2015ರಲ್ಲಿ, ಅಮೆರಿಕ 2017ರಲ್ಲಿ ಒಪ್ಪಿಕೊಂಡ ‘ಎಡರವೋನ್’ ಮಾತ್ರ ಈ ಪಟ್ಟಿಯಲ್ಲಿ ಅಪವಾದ. ಅದರ ಲಾಭವೂ ರೋಗದ ಆರಂಭದಲ್ಲಿದ್ದ, ಆಯ್ದ ರೋಗಿಗಳಲ್ಲಿ ಕಂಡದ್ದು.

ನಷ್ಟದ ಪ್ರಶ್ನೆಗೂ ಉತ್ತರವಿದೆ. ದಿನಕ್ಕೆ 400 ಯೂನಿಟ್ ‘ಇ’ ವಿಟಮಿನ್ ಸೇವಿಸಿದ ಆರೋಗ್ಯವಂತ ಗಂಡಸರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಶೇಕಡ 17ರಷ್ಟು ಹೆಚ್ಚಾಗಿತ್ತೆಂದು ಅಮೆರಿಕದ ದೊಡ್ಡ ಅಧ್ಯಯನವೊಂದು 2011ರಲ್ಲಿ ತಿಳಿಸಿತು. ಕಾವಲಿನ ವಂಶವಾಹಿಗಳನ್ನು ಮಿತಿಮೀರಿ ಎಬ್ಬಿಸುವುದೂ ಕ್ಷೇಮವಲ್ಲ. ಕೀಪ್1 ಇಲ್ಲದ ಇಲಿಮರಿಗಳು ಅನ್ನನಾಳ ದಪ್ಪವಾಗಿ ಮೂರು ವಾರದೊಳಗೆ ಸಾಯುತ್ತವೆ. ಶ್ವಾಸಕೋಶದ ಕ್ಯಾನ್ಸರ್ ಕೋಶಗಳು ಅನೇಕ ವೇಳೆ ಕೀಪ್1 ಅನ್ನು ಕೆಡಿಸಿ, ಎನ್‌ಆರ್‌ಎಫ್2ರ ರಕ್ಷಣೆಯನ್ನು ತಾವೇ ಕಬಳಿಸಿ ಔಷಧಗಳಿಂದ ತಪ್ಪಿಸಿಕೊಳ್ಳುತ್ತವೆ.

ಒಂದೇ ತೂರಾಟ, ಎರಡು ವಂಶವಾಹಿಗಳು

ಹಾಗಾದರೆ ವಿಟಮಿನ್ನಿನಿಂದ ಗುಣವಾಗುವ ನರರೋಗವೇ ಇಲ್ಲವೇ? ಇದೆ. ಅದರ ಕಥೆ ಇನ್ನೊಂದು ಕಾಯಿಲೆಯ ಜೊತೆ ಹೆಣೆದುಕೊಂಡಿದೆ.

ಜರ್ಮನಿಯ ವೈದ್ಯ ನಿಕೊಲಾಸ್ ಫ್ರೀಡ್‌ರೈಖ್ 1863ರಲ್ಲಿ ವಿವರಿಸಿದ ‘ಫ್ರೀಡ್‌ರೈಖ್ ಅಟಾಕ್ಸಿಯ’ ಕಾಯಿಲೆಯಲ್ಲಿ ಮಕ್ಕಳು ಶಾಲೆಗೆ ಹೋಗುವ ವಯಸ್ಸಿನಲ್ಲಿ ಜೋಲಿ ಹೊಡೆಯತೊಡಗುತ್ತಾರೆ. ಮಾತು ತೊದಲುತ್ತದೆ, ಹೃದಯವೂ ದುರ್ಬಲವಾಗುತ್ತದೆ. 1996ರಲ್ಲಿ ಇದರ ವಂಶವಾಹಿ 9ನೇ ವರ್ಣತಂತುವಿನಲ್ಲಿ ಸಿಕ್ಕಿತು. ‘ಫ್ರಟಾಕ್ಸಿನ್’ ಎಂಬ ಪ್ರೋಟೀನ್ ಸಾಕಷ್ಟು ತಯಾರಾಗದೆ ಮೈಟೊಕಾಂಡ್ರಿಯದಲ್ಲಿ ಕಬ್ಬಿಣದ ಲೆಕ್ಕಾಚಾರ ತಪ್ಪುತ್ತದೆ. ಅಲ್ಲಿ ಉತ್ಕರ್ಷಣ ಒತ್ತಡ ಏರಬೇಕಾದ ಹೊತ್ತಿನಲ್ಲೇ ಎನ್‌ಆರ್‌ಎಫ್2 ಕುಗ್ಗಿರುತ್ತದೆ. ಅದನ್ನು ಎಬ್ಬಿಸುವ ‘ಒಮಾವೆಲೊಕ್ಸೊಲೋನ್’ ಔಷಧಕ್ಕೆ 2023ರ ಫೆಬ್ರವರಿಯಲ್ಲಿ ಅಮೆರಿಕದಲ್ಲಿ 16 ವರ್ಷ ದಾಟಿದವರಿಗಾಗಿ ಅನುಮತಿ ಸಿಕ್ಕಿತು. ಈ ಕಾಯಿಲೆಗೆ ಅನುಮತಿ ಪಡೆದ ಮೊದಲ ಔಷಧವಿದು. ಅದು ರೋಗವನ್ನು ನಿಲ್ಲಿಸುವುದಿಲ್ಲ, ನಿಧಾನಗೊಳಿಸುತ್ತದೆ. ಬಿಡುಗಡೆಯ ವೇಳೆ ಅಲ್ಲಿನ ಬೆಲೆ ವರ್ಷಕ್ಕೆ 3 ಲಕ್ಷ 70 ಸಾವಿರ ಡಾಲರ್.

ನೋಡಲು ಹೆಚ್ಚುಕಡಿಮೆ ಇದರಂತೆಯೇ ಇರುವ ಮತ್ತೊಂದು ತೂರಾಟವಿದೆ. ಉತ್ತರ ಆಫ್ರಿಕದ ಟುನೀಷಿಯ ಮುಂತಾದೆಡೆ ಹೆಚ್ಚಾಗಿ ಕಂಡ ಈ ಕಾಯಿಲೆಯ ಕಾರಣ 1995ರಲ್ಲಿ ತಿಳಿಯಿತು. ಊಟದಿಂದ ಬಂದ ‘ಇ’ ವಿಟಮಿನ್ನನ್ನು ಪಿತ್ತಜನಕಾಂಗದಲ್ಲಿ ಹಿಡಿದು ರಕ್ತಕ್ಕೆ ಸೇರಿಸುವ ಪ್ರೋಟೀನಿನ ವಂಶವಾಹಿ ಅದು. 8ನೇ ವರ್ಣತಂತುವಿನ ಈ ವಂಶವಾಹಿಯ ಎರಡೂ ಪ್ರತಿಗಳು ಕೆಟ್ಟರೆ ಎಷ್ಟು ಚೆನ್ನಾಗಿ ಉಂಡರೂ ವಿಟಮಿನ್ ದೇಹದಲ್ಲಿ ನಿಲ್ಲದು. ನರಕೋಶದ ಪೊರೆಯ ಕೊಬ್ಬು ಕಾವಲಿಲ್ಲದೆ ಉತ್ಕರ್ಷಣಗೊಳ್ಳುತ್ತದೆ. 800 ಮಂದಿ ಪಾರ್ಕಿನ್ಸನ್ ರೋಗಿಗಳಿಗೆ ಏನೂ ಮಾಡದ ಅದೇ ಮಾತ್ರೆಯನ್ನು ಈ ಮಕ್ಕಳು ಹೆಚ್ಚಿನ ಪ್ರಮಾಣದಲ್ಲಿ ಜೀವನಪರ್ಯಂತ ತೆಗೆದುಕೊಂಡರೆ ಕಾಯಿಲೆ ಮುಂದುವರಿಯುವುದು ನಿಲ್ಲುತ್ತದೆ. ಆದರೆ ಅಷ್ಟರಲ್ಲಿ ಆದ ಹಾನಿ ಪೂರ್ತಿ ಹಿಂತಿರುಗುವುದು ಕಷ್ಟ.

ಎರಡು ತೂರಾಟಗಳಲ್ಲಿ ಯಾವುದೆಂದು ನಡಿಗೆ ನೋಡಿ ಹೇಳಲಾಗದು. ರಕ್ತದಲ್ಲಿನ ‘ಇ’ ವಿಟಮಿನ್ ಮಟ್ಟದ ಪರೀಕ್ಷೆ ಮತ್ತು ವಂಶವಾಹಿ ಪರೀಕ್ಷೆ ಅದನ್ನು ತಿಳಿಸುತ್ತವೆ. ಮನೆಯ ಒಂದು ಮಗುವಿನಲ್ಲಿ ಈ ಎರಡನೆಯ ಕಾಯಿಲೆ ಖಚಿತವಾದರೆ ಅದರ ಒಡಹುಟ್ಟಿದವರನ್ನೂ ಪರೀಕ್ಷಿಸಬೇಕೆಂಬುದು ತಜ್ಞರ ಸಲಹೆ. ಲಕ್ಷಣ ಕಾಣುವ ಮೊದಲೇ ಮಾತ್ರೆ ಆರಂಭಿಸಿದ ತಮ್ಮ, ತಂಗಿಯರಲ್ಲಿ ತೂರಾಟ ಕಾಣಿಸಿಕೊಳ್ಳದಂತೆ ತಡೆಯಬಹುದು.